ಕಾದ ಕತ್ತಿಯ ಹಿಡಿ

ಬೀದರಿನ ಯುವ ಮಿತ್ರರೇ,

ಆಟಗಾರರೇ ಕಥೆಯ ಪಾತ್ರಗಳಾಗಿ ಆಡುವ ಪಾತ್ರಧಾರಣೆಯ ಆಟಗಳಲ್ಲಿ ಬರುವ ಅಗ್ನಿಖಡ್ಗ 'ವಾಸ್ತವದಲ್ಲೂ ಸಾಧ್ಯ' ಎಂದು ವಾದಿಸುವ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ವಿಷಯ ಹೊಸದು. ಆದರೆ ಎರಡನೇ ಭಾಗದ ಎರಡು ಸಾಲುಗಳು ನನ್ನನ್ನು ಮುಂದಕ್ಕೆ ಹೋಗಗೊಡಲಿಲ್ಲ.

'ಬೆಂಕಿಯಲ್ಲಿ ಕೆಂಪಾದ ಖಡ್ಗ ಇನ್ನಷ್ಟು ಗಟ್ಟಿಯಾಗಿ ಕವಚವನ್ನು ಸೀಳುತ್ತದೆ.' ಕೆಂಪಾದ ಎಂದಿರಿ. ಉಕ್ಕು ಚೆನ್ನಾಗಿ ಕೆಂಪಾಗಬೇಕಾದರೆ 600 ಡಿಗ್ರಿ ದಾಟಬೇಕು. ಅಷ್ಟರಲ್ಲಿ ಅದರ ಬಲ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಹಾಗಾದರೆ 'ಇನ್ನಷ್ಟು ಗಟ್ಟಿಯಾಗಿ' ಎಲ್ಲಿಂದ ಬಂತು? ಕಮ್ಮಾರ ಕೆಂಪಗೆ ಕಾಯಿಸುವುದೇ ಕಬ್ಬಿಣ ಬಾಗಲಿ ಎಂದು. ಕವಚಕ್ಕೆ ಬಡಿದರೆ ಸೊಟ್ಟಗಾಗುವುದು ನಿಮ್ಮ ವೀರನ ಕತ್ತಿ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಕಲಬುರಗಿಯ ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ ತೊಗರಿ ಕೊಯ್ಲಿನ ವರದಿಯಲ್ಲಿ 'ಕಾಯಿಸಿದಷ್ಟೂ ಕುಡುಗೋಲು ಹರಿತವಾಗುತ್ತದೆ' ಎಂದು ಬರೆದಿದ್ದೆ. ಸಂಪಾದಕರು ಆ ಹಾಳೆಯನ್ನು ನನ್ನ ಕೈಗಿತ್ತು ಕುಲುಮೆಗೆ ಅಟ್ಟಿದರು. ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಯಿಸಿ, ಅಂಚು ಗಟ್ಟಿಯಾಗಲಿ ಎಂದು ಅದನ್ನಷ್ಟೇ ನೀರಿಗೆ ಅದ್ದಿದರು, ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ಹಿಡಿದುಕೊಂಡರು. ಬೆನ್ನಿನ ಕಡೆಯ ಕಾವು ಹರಿದು ಬಂದಂತೆ ಅಂಚಿಗೆ ಬಣ್ಣ ಏರಿತು. ಮೊದಲು ಒಣಹುಲ್ಲಿನ ಹಳದಿ. ಕಂದು ಬಣ್ಣ ಇಣುಕುವಷ್ಟರಲ್ಲಿ ಇಡೀ ಕುಡುಗೋಲು ಚುಂಯ್ ಎಂದು ನೀರೊಳಗೆ ಹೋಯಿತು. 'ನೀಲಿಗೆ ಬಿಟ್ಟರೆ ಹದ ಕೆಟ್ಟಿತು' ಎಂದರು. ಹಳದಿಗೆ ಸುಮಾರು 220 ಡಿಗ್ರಿ, ನೀಲಿಗೆ ಸುಮಾರು 300. ಹೀಗೆ ಹದವಾದ ಅಲಗನ್ನು ಮತ್ತೆ ಕಾಯಿಸಿದರೆ, ಕೆಂಪಾಗುವುದಕ್ಕೆ ಎಷ್ಟೋ ಮೊದಲೇ ಅದರ ಹರಿತ ನಿಲ್ಲದಂತಾಗುತ್ತದೆ. ಮರುದಿನ ವರದಿಯನ್ನು ಮೊದಲಿನಿಂದ ಬರೆದೆ.

ಎರಡನೆಯ ಸಾಲು: 'ಬಿದರಿ ಕೆತ್ತನೆಯ ಹಿಡಿಯನ್ನು ಬಿಗಿಹಿಡಿದು ವೀರನು ಇರುಳಿಡೀ ಕಾದಾಡಿದನು.' ಬೀದರಿನವರಾಗಿ ನೀವು ಹೀಗೆ ಬರೆಯಬಹುದೇ? ಕೆಂಪಾದ ಅಲಗಿನ ಕಾವು ಹಿಡಿಗೂ ಹರಿಯುತ್ತದೆ. ಬಿದರಿಯ ಲೋಹದಲ್ಲಿ ಬಹುಪಾಲು ಸತು. ಸತು ಕರಗುವುದು ಸುಮಾರು 420 ಡಿಗ್ರಿಗೆ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ದೇಶದ ಎಷ್ಟೋ ಕತ್ತಿಗಳಲ್ಲಿ ಅಲಗನ್ನು ಹಿಡಿಯೊಳಗೆ ಅರಗು ತುಂಬಿ ಕೂರಿಸುತ್ತಿದ್ದರು. ಅರಗು ನೂರು ಡಿಗ್ರಿಗೆ ಮೊದಲೇ ಮೆತ್ತಗಾಗುತ್ತದೆ. ಬೀಸಿದ ಹೊಡೆತಕ್ಕೆ ಅಲಗು ಒಂದು ಕಡೆ, ಹಿಡಿ ಇನ್ನೊಂದು ಕಡೆ. ಬಿಸಿ ಹಿಡಿಯನ್ನು ಹಿಡಿದ ವೀರನ ಅಂಗೈಯ ಸುಟ್ಟಗಾಯದ ಬಗ್ಗೆ ನಿಮ್ಮಲ್ಲಿ ಒಂದು ಮಾತೂ ಇಲ್ಲ.

ಮಾಯೆಗೆ ನನ್ನ ತಕರಾರಿಲ್ಲ. 'ಡಂಜನ್ಸ್ ಅಂಡ್ ಡ್ರಾಗನ್ಸ್' ಆಟದ ಐದನೇ ಆವೃತ್ತಿಯಲ್ಲಿ 'ಫ್ಲೇಮ್ ಟಂಗ್' ಎಂಬ ಕತ್ತಿ ಪ್ರತಿ ಪೆಟ್ಟಿಗೂ ಆರು ಮುಖದ ಎರಡು ದಾಳಗಳಲ್ಲಿ ಬಿದ್ದ ಸಂಖ್ಯೆಯಷ್ಟು ಬೆಂಕಿಯ ಹಾನಿಯನ್ನು ಕೂಡಿಸುತ್ತದೆ. ಅದು ಮಾಂತ್ರಿಕ ಕತ್ತಿ ಎಂದು ಆಟವೇ ಹೇಳುವುದರಿಂದ ನಾನು ಹಿಡಿಯ ಬಿಸಿಯನ್ನು ಕೇಳುವುದಿಲ್ಲ. 'ವಾಸ್ತವ' ಎಂದವರು ನೀವು, ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಎಣ್ಣೆಬಟ್ಟೆ ಸುತ್ತಿ ಹಚ್ಚಿದ ಕತ್ತಿಯ ಬಗ್ಗೆ ಬರೆಯಿರಿ: ಬಟ್ಟೆ ಸುತ್ತಿದ್ದರಿಂದ ಅಂಚು ಕೊಯ್ಯುವುದಿಲ್ಲ, ಉರಿಯುವ ಎಣ್ಣೆ ಬೀಸಿದವನ ತೋಳಿಗೇ ಸಿಡಿಯುತ್ತದೆ, ಆದರೂ ಎದುರಿನ ಕುದುರೆ ಬೆದರಿ ಹಿಂದೆ ಸರಿಯುತ್ತದೆ. ಇದರಲ್ಲಿ ಕಥೆಯೂ ಇದೆ, ಆಟಕ್ಕೆ ಬೇಕಾದ ನಿಯಮವೂ ಇದೆ.

ಎರಡನೇ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಅದಕ್ಕೆ ಮೊದಲು ನಿಮ್ಮೂರಿನ ಬಿದರಿ ಕುಶಲಕರ್ಮಿಗಳ ಬಳಿ ಒಂದು ಮುಂಜಾನೆ ಕುಳಿತು, ಸತು ಕರಗುವುದನ್ನು ಕಣ್ಣಾರೆ ನೋಡಿ ಬನ್ನಿ. ಲೇಖನಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ.