ನಿಂತುಹೋದ ಮಾದರಿಯ ದೊಡ್ಡ ಸೆಡಾನ್ ಕೊಳ್ಳಬಹುದೇ?

ವಾಹನ ಪ್ರಶ್ನೋತ್ತರ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ ಐದು ಜನರ ಕುಟುಂಬ. ಮಗಳು ಪುಣೆಯಲ್ಲಿ ನೌಕರಿಯಲ್ಲಿರುವುದರಿಂದ ತಿಂಗಳಿಗೊಮ್ಮೆಯಾದರೂ ಆ ಕಡೆ ಹೋಗಿಬರುತ್ತೇವೆ. ನವಲಗುಂದ ತಾಲ್ಲೂಕಿನಲ್ಲಿ ಹೊಲವಿದ್ದು, ಅಲ್ಲಿಗೂ ಓಡಾಟವಿದೆ. ಪರಿಚಯದ ಏಜೆಂಟರೊಬ್ಬರು ಪುಣೆ ನೋಂದಣಿಯ 2018ರ ಸ್ಕೋಡಾ ಸೂಪರ್ಬ್ ಡೀಸೆಲ್ ಆಟೊಮ್ಯಾಟಿಕ್ ಕಾರನ್ನು ತೋರಿಸಿದ್ದಾರೆ. ಒಬ್ಬರೇ ಮಾಲೀಕರು, 82 ಸಾವಿರ ಕಿ.ಮೀ. ಓಡಿದೆ, 14 ಲಕ್ಷ ರೂಪಾಯಿ ಹೇಳುತ್ತಿದ್ದಾರೆ. ಇದೇ ಹಣಕ್ಕೆ ಹೊಸ ಸಣ್ಣ ಎಸ್‌ಯುವಿ ಬರುತ್ತದೆ ಎಂಬುದು ಮನೆಯವರ ವಾದ. ನನಗೆ ದೊಡ್ಡ ಸೆಡಾನ್ ಮೇಲೆ ಮನಸ್ಸಿದೆ, ಆದರೆ ಆ ಮಾದರಿಯ ತಯಾರಿಕೆಯೇ ನಿಂತುಹೋಗಿದೆ ಎಂಬ ಅಳುಕೂ ಇದೆ. ಮಂಡಿನೋವಿರುವ ತಾಯಿಯವರೂ ನಮ್ಮೊಂದಿಗೆ ಪ್ರಯಾಣಿಸುತ್ತಾರೆ. ತಮ್ಮ ಸಲಹೆ ಬೇಕು.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಈ ಕಾರನ್ನು ಈ ಬೆಲೆಗೆ ಕೊಳ್ಳಬೇಡಿ ಎಂಬುದು ನನ್ನ ಸಲಹೆ. ಅದಕ್ಕೆ ಕಾರಣ ನೀವು ಅಂಜಿರುವ ಸಂಗತಿಯಲ್ಲ, ನಿಮ್ಮ ಪತ್ರದಲ್ಲಿ ಒಂದೇ ಮಾತಿನಲ್ಲಿ ಬಂದುಹೋದ ಪುಣೆ ನೋಂದಣಿ.

ಮೊದಲು ನಿಮ್ಮ ಅಳುಕನ್ನು ನೋಡೋಣ. ಸೂಪರ್ಬ್ ಕಾರು ಮಹಾರಾಷ್ಟ್ರದ ಔರಂಗಾಬಾದಿನ ಘಟಕದಲ್ಲಿ ಜೋಡಣೆಯಾಗಿ ಮಾರಾಟವಾಗುತ್ತಿತ್ತು. 2023ರ ಏಪ್ರಿಲ್‌ನಲ್ಲಿ ಹೊಗೆಮಾಲಿನ್ಯದ ಮಿತಿ ಹೇಳುವ ಬಿಎಸ್ 6 ನಿಯಮಗಳ ಎರಡನೇ ಹಂತ ಜಾರಿಗೆ ಬಂದ ಸಮಯಕ್ಕೆ ಅದು ನಿಂತಿತು. 2024ರಲ್ಲಿ ನೂರೇ ನೂರು ಕಾರುಗಳು ಪೂರ್ತಿ ಆಮದಾಗಿ 54 ಲಕ್ಷ ರೂಪಾಯಿಗೆ ಬಂದವಾದರೂ ಅದು ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ಮಾದರಿ ನಿಂತರೂ ಕಂಪನಿ ದೇಶದಲ್ಲಿಯೇ ಇದೆ. ಇದಕ್ಕಿಂತ ಮುಖ್ಯವಾಗಿ, ನೀವು ನೋಡಿರುವ ಕಾರಿನ 2.0 ಲೀಟರ್ ಡೀಸೆಲ್ ಎಂಜಿನ್ ಕುಲಕ್ಕೆ ಸೇರಿದ ಎಂಜಿನ್‌ಗಳೇ ಆಕ್ಟೇವಿಯಾ, ಫೋಕ್ಸ್‌ವ್ಯಾಗನ್ ಪಸಾಟ್, ಟಿಗ್ವಾನ್ ಹಾಗೂ ಆಡಿಯ ಹಲವು ಕಾರುಗಳಲ್ಲಿವೆ. ಹೀಗಾಗಿ ಫಿಲ್ಟರ್, ಬ್ರೇಕ್, ಬೆಲ್ಟ್, ಸಸ್ಪೆನ್ಷನ್ ಸಾಮಾನುಗಳಿಗೆ ಇನ್ನೂ ಅನೇಕ ವರ್ಷ ಕೊರತೆಯಾಗುವ ಲಕ್ಷಣವಿಲ್ಲ. ತೊಂದರೆ ಬರುವುದು ಆ ಕಾರಿಗೆ ಮಾತ್ರ ಕೂಡುವ ವಸ್ತುಗಳಲ್ಲಿ: ಹೆಡ್‌ಲೈಟು, ಹಿಂದಿನ ದೀಪ, ಬಂಪರು, ಗಾಜು, ಬಾಗಿಲು. ಸಣ್ಣ ಅಪಘಾತಕ್ಕೂ ವಾರಗಟ್ಟಲೆ ಕಾಯಬೇಕಾಗಬಹುದು. ಏಳು ವರ್ಷ ದಾಟಿದ ಕಾರಿಗೆ ಸವಕಳಿ ಕಳೆಯದೆ ಪೂರ್ತಿ ಹಣ ಕೊಡುವ ವಿಮೆಯನ್ನು ಅನೇಕ ಕಂಪನಿಗಳು ನೀಡುವುದಿಲ್ಲವಾದ್ದರಿಂದ ಆ ಖರ್ಚಿನ ಒಂದು ಪಾಲು ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಇನ್ನು ನೋಂದಣಿಯ ವಿಷಯ. ಮಹಾರಾಷ್ಟ್ರದ ಗಾಡಿಯನ್ನು ಕರ್ನಾಟಕದ ನಿವಾಸಿಯೊಬ್ಬರು ಕೊಂಡರೆ, ಅಲ್ಲಿನ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಿ, ಹುಬ್ಬಳ್ಳಿಯ ಕೆಎ 63 ಸಂಖ್ಯೆ ಪಡೆಯಬೇಕು. ನಮ್ಮ ರಾಜ್ಯದಲ್ಲಿ 20 ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ಶೇ. 18ರಷ್ಟು ತೆರಿಗೆಯಿದ್ದು, ಅದರ ಮೇಲೆ ಸೆಸ್ ಬೇರೆ ಇದೆ. ಈ ಲೆಕ್ಕ ನೀವು ಕೊಡುವ 14 ಲಕ್ಷದ ಮೇಲಲ್ಲ, ಕಾರು ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕಂತೆ ಅದರಲ್ಲಿ ಕಡಿತ ಸಿಗುತ್ತದೆ, ಅಷ್ಟೆ. ಮೂಲ ಬೆಲೆಯನ್ನು 30 ಲಕ್ಷವೆಂದು ಹಿಡಿದರೆ ಪೂರ್ತಿ ತೆರಿಗೆ 5.4 ಲಕ್ಷವಾಗುತ್ತದೆ, ಕಡಿತ ಕಳೆದರೂ ಎರಡೂವರೆ ಲಕ್ಷಕ್ಕಿಂತ ಕಡಿಮೆಯಾಗದು ಎಂದೇ ಇಟ್ಟುಕೊಳ್ಳಿ. ನಿಖರ ಮೊತ್ತವನ್ನು ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿ ಪ್ರತಿ ತೋರಿಸಿ ಕೇಳಿಕೊಳ್ಳಿ. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಲು ಅವಕಾಶವಿದ್ದರೂ ಆ ಅರ್ಜಿಯ ಹಿಂದೆ ಓಡಾಡುವವರು ಯಾರು, ಬಂದ ಹಣ ಯಾರಿಗೆ ಎಂಬುದನ್ನು ಮಾರುವವರ ಜೊತೆ ಬರವಣಿಗೆಯಲ್ಲಿಯೇ ತೀರ್ಮಾನಿಸಿಕೊಳ್ಳಬೇಕು. ‘ಹೀಗೇ ಎಂಎಚ್ ನಂಬರಿನಲ್ಲಿ ಓಡಿಸಿರಿ, ಯಾರೂ ಕೇಳುವುದಿಲ್ಲ’ ಎಂದು ಏಜೆಂಟರು ಹೇಳಬಹುದು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು ಹೇಳುತ್ತದೆ. ಅದಕ್ಕೂ ಮುಖ್ಯವಾಗಿ, ಆರ್‌ಸಿ ಇನ್ನೊಬ್ಬರ ಹೆಸರಿನಲ್ಲಿರುವಾಗ ಅಪಘಾತವಾದರೆ ವಿಮೆಯ ಹಣ ಬಿಡಿಸುವುದು ಹಗ್ಗಜಗ್ಗಾಟವಾಗುತ್ತದೆ.

ಹೀಗೆ ನೋಡಿದರೆ ಆ ಕಾರಿನ ನಿಜವಾದ ಬೆಲೆ 17 ಲಕ್ಷದ ಹತ್ತಿರ ಬಂತು. ಅಷ್ಟು ಕೊಡುವುದಾದರೆ ಕರ್ನಾಟಕದಲ್ಲಿಯೇ ನೋಂದಣಿಯಾದ, ಇದಕ್ಕಿಂತ ಈಚಿನ ವರ್ಷದ ಸೂಪರ್ಬ್ ಹುಡುಕಬಹುದು. 2020ರ ನಂತರದವು 190 ಅಶ್ವಶಕ್ತಿಯ 2.0 ಲೀಟರ್ ಪೆಟ್ರೋಲ್ ಎಂಜಿನ್‌ನವು. ಆಗ ಡೀಸೆಲ್ ಕೈಬಿಡಲಾಯಿತು. ತಿಂಗಳಿಗೊಂದು ಪುಣೆ ಪ್ರಯಾಣವೆಂದರೆ ಹೋಗಿಬರುವುದು ಸೇರಿ ಎಂಟುನೂರು ಕಿ.ಮೀ. ದಾಟುತ್ತದೆಯಾದ್ದರಿಂದ ನಿಮಗೆ ಡೀಸೆಲ್ ಹೊಂದುತ್ತದೆ ಎಂಬುದನ್ನು ಅಲ್ಲಗಳೆಯಲಾರೆ. ದಿಲ್ಲಿಯಲ್ಲಿ ಹತ್ತು ವರ್ಷದ ಡೀಸೆಲ್ ಕಾರುಗಳ ಬಗ್ಗೆ ನಡೆದಿರುವ ಗಲಾಟೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ರಾಜಧಾನಿ ಪ್ರದೇಶಕ್ಕೆ ಸೇರಿದ್ದು. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ.

ಮಾರುವವರು ತೆರಿಗೆಯ ಭಾರವನ್ನು ಬೆಲೆಯಲ್ಲಿ ಇಳಿಸಲು ಒಪ್ಪಿದರೆ ಮಾತ್ರ ಮುಂದಿನ ಪರೀಕ್ಷೆಗೆ ಇಳಿಯಿರಿ. ಆಗ ಮೊದಲು ಕೇಳಬೇಕಾದದ್ದು ಗೇರ್‌ಬಾಕ್ಸ್ ಎಣ್ಣೆಯ ಬಿಲ್ಲು. ಈ ಡೀಸೆಲ್ ಕಾರಿನಲ್ಲಿರುವುದು ಎಣ್ಣೆಯಲ್ಲಿ ಮುಳುಗಿರುವ ಎರಡು ಕ್ಲಚ್‌ಗಳ, ಆರು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಇದರ ಎಣ್ಣೆ ಮತ್ತು ಫಿಲ್ಟರನ್ನು 60 ಸಾವಿರ ಕಿ.ಮೀ.ಗೊಮ್ಮೆ ಬದಲಿಸಲೇಬೇಕು. 82 ಸಾವಿರ ಓಡಿದ ಕಾರಿನಲ್ಲಿ ಅದು ಒಂದು ಸಲ ಆಗಿರಬೇಕು. ಬಿಲ್ಲು ಇಲ್ಲವೆಂದರೆ ಆಗಿಲ್ಲವೆಂದೇ ತಿಳಿಯಿರಿ. ನಮ್ಮ ಕಡೆಯ ಅನೇಕರು ಡಿಎಸ್‌ಜಿ ಎಂದರೆ ಸಾಕು, ಬೇಡವೇ ಬೇಡ ಎನ್ನುತ್ತಾರೆ. ಆ ಕೆಟ್ಟ ಹೆಸರಿನ ಹೆಚ್ಚಿನ ಪಾಲು ಏಳು ಗೇರಿನ, ಒಣ ಕ್ಲಚ್ಚಿನ ಇನ್ನೊಂದು ಜಾತಿಯ ಗೇರ್‌ಬಾಕ್ಸಿನದು. 2009ರಿಂದ ಬಂದ ಎರಡನೇ ತಲೆಮಾರಿನ ಸೂಪರ್ಬ್ ಪೆಟ್ರೋಲ್ 1.8ರಲ್ಲಿ ಇದ್ದದ್ದು ಅದು. ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಆ ಒಣ ಕ್ಲಚ್ಚು ಬಿಸಿಯಾಗುತ್ತದೆ, ಅದನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕವೂ ಕೈಕೊಡುತ್ತದೆ, ರಿಪೇರಿ ಖರ್ಚು ಲಕ್ಷಗಳಲ್ಲಿ ಬರುತ್ತದೆ. ಅದೇ ಕಾಲದ ಪೆಟ್ರೋಲ್ ಎಂಜಿನ್ ಎಣ್ಣೆ ಕುಡಿಯುವುದಕ್ಕೂ ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸಡಿಲಾಗುವುದಕ್ಕೂ ಹೆಸರಾಗಿತ್ತು. ‘ಐದು ಲಕ್ಷಕ್ಕೆ ಸೂಪರ್ಬ್’ ಎಂದು ಯಾರಾದರೂ ತೋರಿಸಿದರೆ ಅದು ಬಹುತೇಕ ಈ ಹಳೆಯ ತಲೆಮಾರಿನದಾಗಿರುತ್ತದೆ; ಅದರ ತಂಟೆಗೆ ಹೋಗಬೇಡಿ.

ನಿಮ್ಮ ಡೀಸೆಲ್ ಎಂಜಿನ್‌ನಲ್ಲಿ ಚೈನಿನ ಬದಲು ಟೈಮಿಂಗ್ ಬೆಲ್ಟ್ ಇದೆ. ಅದು ಹರಿದರೆ ವಾಲ್ವುಗಳು ಬಾಗಿ ಎಂಜಿನ್ ಬಿಚ್ಚಬೇಕಾಗುತ್ತದೆ. ಬದಲಿಸಿದ ದಾಖಲೆ ಇಲ್ಲದಿದ್ದರೆ, ವಾಟರ್ ಪಂಪು ಸೇರಿಸಿ ಬದಲಿಸುವ ಖರ್ಚನ್ನು ಬೆಲೆಯಿಂದ ಕಡಿತ ಮಾಡಿಸಿ.

82 ಸಾವಿರ ಎಂಬ ಅಂಕಿಯನ್ನೂ ಮೀಟರ್ ನೋಡಿ ನಂಬಬೇಡಿ. ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಇತಿಹಾಸ ತೆಗೆಸಿ. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಚ್ಚಿದಾಗ ಹಳೆಯ ದೋಷದ ದಾಖಲೆಗಳ ಜೊತೆ ಆಗ ಎಷ್ಟು ಕಿ.ಮೀ. ಓಡಿತ್ತು ಎಂಬುದೂ ಕಾಣುತ್ತದೆ. ಮೀಟರ್ ತಿದ್ದಿದವರು ಎಲ್ಲ ಕಡೆ ತಿದ್ದಿರುವುದಿಲ್ಲ. ಇನ್ನೊಂದು ಮಾತು. ಪುಣೆ, ಮುಂಬಯಿ, ಕೊಲ್ಹಾಪುರದ ಕಡೆಯಿಂದ ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ನೀರಿನಲ್ಲಿ ನಿಂತವೂ ಇರುತ್ತವೆ. 2019ರ ಆಗಸ್ಟ್‌ನಲ್ಲಿ ಕೊಲ್ಹಾಪುರದ ಬಳಿ ಹೆದ್ದಾರಿಯೇ ದಿನಗಟ್ಟಲೆ ಮುಳುಗಿದ್ದು ನಿಮಗೆ ನೆನಪಿರಬಹುದು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಗೆರೆ ಇದೆಯೇ ನೋಡಿ, ಸ್ಟೆಪ್ನಿ ತೆಗೆದು ಕೆಳಗಿನ ತಗಡಿನ ತುಕ್ಕು ನೋಡಿ, ಕಾಲಡಿಯ ಕಾರ್ಪೆಟ್ ಎತ್ತಿ ಮೂಸಿರಿ. ಸುಗಂಧದ್ರವ್ಯ ಜೋರಾಗಿ ಸಿಂಪಡಿಸಿದ ಕಾರನ್ನು ನಾನು ಎರಡು ಪಟ್ಟು ಸಂಶಯದಿಂದ ನೋಡುತ್ತೇನೆ.

ಓಡಿಸಿ ನೋಡುವಾಗ ಎಂಜಿನ್ ತಣ್ಣಗಿರುವಾಗಲೇ ಶುರುಮಾಡಿಸಿ. ಮಾರುವವರು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ಚನ್ನಮ್ಮ ವೃತ್ತದ ಸಂಜೆಯ ದಟ್ಟಣೆಯಲ್ಲಿ ತೆವಳಿಸಿ, ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಜಗ್ಗುತ್ತದೆಯೇ ಗಮನಿಸಿ. ನಂತರ ಧಾರವಾಡದ ಯಾವುದಾದರೂ ಏರಿನಲ್ಲಿ ನಿಲ್ಲಿಸಿ ರಿವರ್ಸ್ ಹಾಕಿ ಹತ್ತಿಸಿ. ಇಷ್ಟರಲ್ಲಿ ನಡುಕ ಬಂದರೆ ಮುಂದಿನ ಮಾತು ಬೇಡ.

ಈಗ ತಾಯಿಯವರ ವಿಷಯ. ಸೂಪರ್ಬ್‌ನ ಹಿಂದಿನ ಸೀಟಿನಲ್ಲಿ ಕಾಲು ಚಾಚಲು ಇರುವಷ್ಟು ಜಾಗ ಈ ಬೆಲೆಯ ಯಾವ ಹೊಸ ಕಾರಿನಲ್ಲೂ ಸಿಗದು. 625 ಲೀಟರಿನ ಡಿಕ್ಕಿ, ಎಂಟು ಏರ್‌ಬ್ಯಾಗ್, ದೂರದ ಹಾದಿಯಲ್ಲಿ ದಣಿವಾಗದ ನಡಿಗೆ, ಎಲ್ಲವೂ ನಿಜ. ಆದರೆ ಸೆಡಾನಿನ ಸೀಟು ತಗ್ಗಿನಲ್ಲಿರುತ್ತದೆ. ಮಂಡಿನೋವಿರುವವರಿಗೆ ಕುಳಿತ ಮೇಲಿನ ಸುಖಕ್ಕಿಂತ ಕುಳಿತುಕೊಳ್ಳುವ ಮತ್ತು ಏಳುವ ಕಷ್ಟ ದೊಡ್ಡದು. ಅವರನ್ನು ಕರೆದೊಯ್ದು ಹತ್ತಿ ಇಳಿಯಲು ಹೇಳಿ. ಕೈಹಿಡಿದು ಎಬ್ಬಿಸಬೇಕಾಗಿ ಬಂದರೆ ಮನೆಯವರ ಎಸ್‌ಯುವಿ ವಾದಕ್ಕೆ ಒಪ್ಪಿಬಿಡಿ. ನೆಲದಿಂದ ಸೂಪರ್ಬ್‌ನ ಎತ್ತರ 150 ಮಿ.ಮೀ. ಆಸುಪಾಸಿನದು, ಐದು ಜನ ಕುಳಿತರೆ ಇನ್ನೂ ಇಳಿಯುತ್ತದೆ. ಡಾಂಬರು ರಸ್ತೆಯವರೆಗೆ ಚಿಂತೆಯಿಲ್ಲ, ಆದರೆ ಮಳೆಗಾಲದಲ್ಲಿ ನವಲಗುಂದದ ಎರೆಹೊಲದ ದಾರಿಗೆ ಇದನ್ನು ಇಳಿಸುವ ಯೋಚನೆಯನ್ನೇ ಮಾಡಬೇಡಿ.

ಎಲ್ಲವೂ ಸರಿಹೊಂದಿ ಕೊಳ್ಳುವುದಾದರೆ ಒಂದೂವರೆ ಲಕ್ಷ ರೂಪಾಯಿಯನ್ನು ಬೇರೆಯಾಗಿ ತೆಗೆದಿಡಿ ಮತ್ತು ಈ ಕಂಪನಿಯ ಕಾರುಗಳಿಗೆ ಬೇಕಾದ ಸ್ಕ್ಯಾನರ್ ಇಟ್ಟುಕೊಂಡಿರುವ ಮಿಸ್ತ್ರಿ ಹುಬ್ಬಳ್ಳಿಯಲ್ಲಿ ಯಾರಿದ್ದಾರೆಂದು ಮೊದಲೇ ವಿಚಾರಿಸಿ. ಇಷ್ಟೆಲ್ಲ ತಾಳ್ಮೆ ನಿಮಗಿಲ್ಲವಾದರೆ, 2020ರಲ್ಲಿ ನಿಂತ ಟೊಯೊಟಾ ಕೊರೊಲ್ಲಾ ಆಲ್ಟಿಸ್‌ನ 1.8 ಪೆಟ್ರೋಲ್ ನೋಡಿ. ಒಳಗಿನ ಜಾಗ ಕಡಿಮೆ, ಓಡಿಸುವ ಉಲ್ಲಾಸವೂ ಕಡಿಮೆ, ಗ್ಯಾರೇಜಿಗೆ ಹೋಗುವ ಪ್ರಸಂಗವೂ ಅಷ್ಟೇ ಕಡಿಮೆ.

ಪ್ರಶ್ನೆ: ರಾಣೆಬೆನ್ನೂರಿನಲ್ಲಿ 2013ರ ಷೆವರ್ಲೆ ಕ್ರೂಜ್ ಡೀಸೆಲ್ ಎರಡೂವರೆ ಲಕ್ಷಕ್ಕೆ ಸಿಗುತ್ತಿದೆ. ಗಾಡಿ ಗಟ್ಟಿಯಾಗಿದೆ. ಮನೆಗೆ ಇದೊಂದೇ ಕಾರು. ತೆಗೆದುಕೊಳ್ಳಲೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಬೇಡ. ಮೇಲಿನ ಪ್ರಶ್ನೆಯಲ್ಲಿ ನಿಂತದ್ದು ಮಾದರಿ ಮಾತ್ರ. ಇಲ್ಲಿ ಕಂಪನಿಯೇ ಹೋಗಿದೆ. ಷೆವರ್ಲೆಯ ಒಡೆಯ ಕಂಪನಿ ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು, 2020ರ ಕೊನೆಗೆ ತಳೇಗಾಂವ್ ಘಟಕದ ರಫ್ತು ತಯಾರಿಕೆಯೂ ಮುಗಿಯಿತು. ಕ್ರೂಜ್‌ನ ಎರಡು ಲೀಟರ್ ಡೀಸೆಲ್ ಎಂಜಿನ್ ಬಲಶಾಲಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಟರ್ಬೊ, ಇಂಜೆಕ್ಟರು ಅಥವಾ ಒಂದು ಸೆನ್ಸರು ಕೈಕೊಟ್ಟ ದಿನ ಹಾವೇರಿಯಿಂದ ಬೆಂಗಳೂರಿನ ಗುಜರಿ ಅಂಗಡಿಗಳವರೆಗೆ ಫೋನು ಹಚ್ಚುತ್ತ ಕೂಡಬೇಕಾಗುತ್ತದೆ, ಅಷ್ಟು ದಿನ ಮನೆಯಲ್ಲಿ ಬೇರೆ ಗಾಡಿ ಇರುವುದಿಲ್ಲ. ಇದರ ನೋಂದಣಿಯ 15 ವರ್ಷ 2028ಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ಮತ್ತೆ ತಪಾಸಣೆ, ಶುಲ್ಕ, ಹಸಿರು ತೆರಿಗೆ. ಆ ನಂತರ ನೀವು ಮಾರಹೊರಟರೆ ಕೊಳ್ಳುವವರು ಸಿಗುವುದು ಕಷ್ಟ.

ಪ್ರಶ್ನೆ: ಮಾರುತಿ ಸಿಯಾಜ್ ತಯಾರಿಕೆ ನಿಂತಿದೆಯೆಂದು ಕೇಳಿದೆ. ಪರಿಚಯದವರ 2016ರ ಡೀಸೆಲ್ ಮತ್ತು 2019ರ ಪೆಟ್ರೋಲ್, ಎರಡೂ ಮಾರಾಟಕ್ಕಿವೆ. ಯಾವುದು ಒಳ್ಳೆಯದು? ಗದಗ ಸುತ್ತಮುತ್ತಲೇ ಓಡಾಟ.
– ಓದುಗರೊಬ್ಬರು, ಗದಗ

ಉತ್ತರ: 2014ರ ಅಕ್ಟೋಬರ್‌ನಲ್ಲಿ ಬಂದ ಸಿಯಾಜ್ 2025ರ ಏಪ್ರಿಲ್‌ನಲ್ಲಿ ನಿಂತದ್ದು ನಿಜ. ಬಿಡಿಭಾಗದ ಮಟ್ಟಿಗೆ ಅದರಿಂದ ನಿಮಗೆ ಆಗುವ ನಷ್ಟ ಕಡಿಮೆ. 2016ರ ಡೀಸೆಲ್‌ನಲ್ಲಿರುವ 1.3 ಲೀಟರ್ ಎಂಜಿನ್ ಫಿಯೆಟ್ ಮೂಲದ್ದು. ಸ್ವಿಫ್ಟ್, ಡಿಸೈರ್, ಎರ್ಟಿಗಾಗಳಲ್ಲಿಯೂ ಇದ್ದುದರಿಂದ ಗದಗಿನ ಸಾಮಾನ್ಯ ಗ್ಯಾರೇಜಿನವರಿಗೂ ಅದರ ಒಳಹೊರಗು ಗೊತ್ತು. ಆದರೆ ಊರ ಸುತ್ತಲಿನ ಓಡಾಟಕ್ಕೆ 1.5 ಲೀಟರ್ ಪೆಟ್ರೋಲ್ ಸಾಕು. 105 ಅಶ್ವಶಕ್ತಿ, 510 ಲೀಟರ್ ಡಿಕ್ಕಿ, ನೆಲದಿಂದ 170 ಮಿ.ಮೀ. ಎತ್ತರವಿರುವ ಇದನ್ನೇ ನಾನು ಆರಿಸುತ್ತೇನೆ. ಕೊಳ್ಳುವಾಗ ಒಂದನ್ನು ಮರೆಯದೆ ನೋಡಿ: ಈ ಪೆಟ್ರೋಲ್ ಕಾರಿನಲ್ಲಿ ಮುಂದಿನ ಪ್ರಯಾಣಿಕರ ಸೀಟಿನ ಕೆಳಗೆ ಲಿಥಿಯಂ ಬ್ಯಾಟರಿಯೊಂದು ಪ್ರತ್ಯೇಕವಾಗಿದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನಾಗಿ ನಿಂತು ಮತ್ತೆ ಶುರುವಾಗುವುದು ಅದರ ಬೆಂಬಲದಿಂದ. ಕಾರನ್ನು ಅರ್ಧ ಗಂಟೆ ಓಡಿಸಿದ ಮೇಲೂ ಹಾಗೆ ಆಗದಿದ್ದರೆ, ಅಥವಾ ಮೀಟರಿನಲ್ಲಿ ಬ್ಯಾಟರಿಯ ಎಚ್ಚರಿಕೆ ದೀಪ ಕಂಡರೆ, ಹೊಸ ಬ್ಯಾಟರಿಯ ಬೆಲೆಯನ್ನು ಷೋರೂಮಿನಲ್ಲಿ ಕೇಳಿಕೊಂಡು ಬಂದು ಆಮೇಲೆ ಚೌಕಾಸಿಗೆ ಕುಳಿತುಕೊಳ್ಳಿ.