ಶೇಡರ್‌ಟಾಯ್ ಡೆಮೊ ನನ್ನ ವ್ಯೂವರ್‌ನಲ್ಲಿ ಕಪ್ಪಾಗಿ ಕಾಣುತ್ತದೆ; ಲೈವ್ ರಿಲೋಡ್, ಹಿಂದಿನ ಫ್ರೇಮ್, ಸ್ಲೈಡರ್ ಸೇರಿಸುವುದು ಹೇಗೆ?

ಓಪನ್‌ಜಿಎಲ್ 3.3 (ಜಿಪಿಯುವಿನಿಂದ ಚಿತ್ರ ಬಿಡಿಸುವ ವ್ಯವಸ್ಥೆ) ಮತ್ತು ಜಿಎಲ್‌ಎಫ್‌ಡಬ್ಲ್ಯೂ (ಕಿಟಕಿ, ಮೌಸ್ ನೋಡಿಕೊಳ್ಳುವ ಲೈಬ್ರರಿ) ಬಳಸಿ ಪುಟ್ಟ ವ್ಯೂವರ್ ಬರೆದಿದ್ದೀರಿ. ಶೇಡರ್‌ಟಾಯ್‌ನಿಂದ (ಶೇಡರ್, ಅಂದರೆ ಪ್ರತಿ ಪಿಕ್ಸೆಲ್‌ನ ಬಣ್ಣ ಲೆಕ್ಕಹಾಕುವ ಜಿಪಿಯು ಕೋಡ್, ಹಂಚಿಕೊಳ್ಳುವ ತಾಣ) ತಂದು ಅಂಟಿಸಿದ ಡೆಮೊಗಳಲ್ಲಿ ಕೆಲವು ಓಡುತ್ತವೆ, ಕೆಲವು ಬರೀ ಕಪ್ಪು. ಬರೀ ನೋಡುವುದಷ್ಟೇ ಉದ್ದೇಶವಾದರೆ ಜಿಎಲ್‌ಎಸ್‌ಎಲ್‌ವ್ಯೂವರ್ ಎಂಬ ಸಿದ್ಧ ಸಾಧನವೇ ಸಾಕು, ಫೈಲ್ ಸೇವ್ ಆದೊಡನೆ ಅದು ತಾನಾಗಿ ಮರುಲೋಡ್ ಮಾಡುತ್ತದೆ. ಸ್ವಂತದ್ದನ್ನೇ ಬೆಳೆಸಬೇಕೆಂದಿದ್ದರೆ ಮುಂದೆ ಓದಿ.

ಮೊದಲ ನಿಯಮ: ಡೆಮೊದ ಕೋಡನ್ನು ಮುಟ್ಟಬೇಡಿ. ಅದರ ಮುಂದೆ ಒಂದು ತಲೆ, ಹಿಂದೆ ಒಂದು ಬಾಲ ಸೇರಿಸಿ ಕಂಪೈಲರ್‌ಗೆ ಕೊಡಿ. ತಲೆಯಲ್ಲಿ ವರ್ಷನ್ 330 ಸಾಲು, ಆಮೇಲೆ ಯೂನಿಫಾರ್ಮ್‌ಗಳು (ವ್ಯೂವರ್ ಶೇಡರ್‌ಗೆ ಕಳಿಸುವ ಬೆಲೆಗಳು): ಐರೆಸಲ್ಯೂಷನ್ (ವೆಕ್3), ಐಟೈಮ್ (ಫ್ಲೋಟ್), ಐಫ್ರೇಮ್ (ಇಂಟ್), ಐಮೌಸ್ (ವೆಕ್4), ನಾಲ್ಕು ಐಚಾನೆಲ್ ಸ್ಯಾಂಪ್ಲರ್‌ಗಳು (ಟೆಕ್ಸ್ಚರ್, ಅಂದರೆ ಜಿಪಿಯುನಲ್ಲಿಟ್ಟ ಚಿತ್ರ, ಓದಲು). ಬಾಲದಲ್ಲಿ ಮೇನ್ ಫಂಕ್ಷನ್. ಅದು ಡೆಮೊದ ಮುಖ್ಯ ಫಂಕ್ಷನ್ ಆದ ಮೇನ್‌ಇಮೇಜನ್ನು ಕರೆದು, ಕೊನೆಗೆ ಆಲ್ಫಾಗೆ (ಪಾರದರ್ಶಕತೆಯ ಬೆಲೆ) 1 ಹಾಕಬೇಕು. ಶೇಡರ್‌ಟಾಯ್‌ನಲ್ಲಿ ಅನೇಕರು ಆಲ್ಫಾದ ಗೋಜಿಗೇ ಹೋಗುವುದಿಲ್ಲ. ನೀವೂ ಬಿಟ್ಟರೆ ಪಿಎನ್‌ಜಿ ಉಳಿಸಿದಾಗ ಚಿತ್ರ ಪಾರದರ್ಶಕವಾಗಿ ಮಾಯವಾಗುತ್ತದೆ. ತಲೆಯ ಕೊನೆಗೆ ಹ್ಯಾಶ್-ಲೈನ್ 1 (ಸಾಲಿನ ಎಣಿಕೆಯನ್ನು 1ರಿಂದ ಶುರುಮಾಡುವ ಸೂಚನೆ) ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ತಲೆ 12 ಸಾಲಿದ್ದಾಗ ನಿಮ್ಮ 29ನೇ ಸಾಲಿನ ತಪ್ಪನ್ನು ಡ್ರೈವರ್ 41ನೇ ಸಾಲು ಎನ್ನುತ್ತದೆ, ನೀವು ಅಲ್ಲಿ ಹುಡುಕುತ್ತಾ ಕೂರುತ್ತೀರಿ.

ಇನ್ನು ಕಪ್ಪು ಪರದೆ. ಯಾವ ಡೆಮೊ ಹಾಕಿದರೂ ಕಪ್ಪಾದರೆ ತಪ್ಪು ವ್ಯೂವರ್‌ನದ್ದು: ಕೋರ್ ಪ್ರೊಫೈಲ್‌ನಲ್ಲಿ (ಹಳೆಯ ಸೌಲಭ್ಯಗಳನ್ನು ಕೈಬಿಟ್ಟ ಓಪನ್‌ಜಿಎಲ್) ವರ್ಟೆಕ್ಸ್ ಡೇಟಾ ಇಲ್ಲದಿದ್ದರೂ ಖಾಲಿ ವಿಎಒ (ವರ್ಟೆಕ್ಸ್ ಡೇಟಾದ ವಿವರ ಇಡುವ ಆಬ್ಜೆಕ್ಟ್) ಒಂದನ್ನು ಬೈಂಡ್ ಮಾಡಲೇಬೇಕು. ಟೆಕ್ಸ್ಚರ್ ಬಳಸುವವು ಮಾತ್ರ ಕಪ್ಪಾದರೆ ಮಿನ್ ಫಿಲ್ಟರ್ (ಚಿತ್ರ ಚಿಕ್ಕದಾಗಿ ಕಾಣುವಾಗ ಓದುವ ರೀತಿ) ನೋಡಿ. ಅದರ ಡೀಫಾಲ್ಟ್ ಮಿಪ್‌ಮ್ಯಾಪ್ (ಅದೇ ಚಿತ್ರದ ಚಿಕ್ಕ ಪ್ರತಿಗಳು) ಕೇಳುತ್ತದೆ; ಮಿಪ್‌ಮ್ಯಾಪ್ ಇಲ್ಲದ ಟೆಕ್ಸ್ಚರ್ ಅಪೂರ್ಣವೆಂದಾಗಿ ಕಪ್ಪನ್ನೇ ಕೊಡುತ್ತದೆ. ಲೀನಿಯರ್ ಹಾಕಿದರೆ ಮುಗಿಯಿತು. ಚಿತ್ರ ಓರೆಯಾಗಿ ಜಾರಿದಂತೆ ಕಂಡರೆ ಅದು ಬೇರೆ ರೋಗ: ಆರ್‌ಜಿಬಿ ಚಿತ್ರದ ಒಂದು ಸಾಲಿನ ಬೈಟ್‌ಗಳು 4ರಿಂದ ಭಾಗವಾಗುತ್ತಿಲ್ಲ, ಅನ್‌ಪ್ಯಾಕ್ ಅಲೈನ್‌ಮೆಂಟ್ ಅನ್ನು 1 ಮಾಡಿ. ಆರಂಭಿಕ ಬೆಲೆ ಕೊಡದ ವೇರಿಯಬಲ್‌ಗಳನ್ನೂ ಹುಡುಕಿ. ಬ್ರೌಸರ್‌ನಲ್ಲಿ ಸೊನ್ನೆಯಾಗಿ ನಡೆದುಹೋದದ್ದು ಡೆಸ್ಕ್‌ಟಾಪ್ ಡ್ರೈವರ್‌ನಲ್ಲಿ ಕಸವಾಗಿರಬಹುದು.

ಲೈವ್ ರಿಲೋಡ್‌ಗೆ ಫೈಲನ್ನಲ್ಲ, ಫೋಲ್ಡರನ್ನು ಕಾಯಿರಿ. ಬಹಳಷ್ಟು ಎಡಿಟರ್‌ಗಳು ತಾತ್ಕಾಲಿಕ ಫೈಲಿಗೆ ಬರೆದು ಆಮೇಲೆ ಹೆಸರು ಬದಲಿಸುತ್ತವೆ, ಹಾಗಾಗಿ ಹಳೆಯ ಫೈಲಿನ ಮೇಲಿಟ್ಟ ಕಾವಲು ಮೊದಲ ಸೇವ್‌ಗೇ ವ್ಯರ್ಥ. ಬದಲಾವಣೆ ಕಂಡ ಮೇಲೆ 50 ಮಿಲಿಸೆಕೆಂಡ್ ತಡೆದು ಓದಿ, ಅರೆಬರೆ ಬರೆದ ಫೈಲ್ ಸಿಗುವುದು ಕಡಿಮೆಯಾಗುತ್ತದೆ. ಹೊಸ ಪ್ರೋಗ್ರಾಂ ಲಿಂಕ್ ಆದ ಮೇಲಷ್ಟೇ ಹಳೆಯದನ್ನು ಅಳಿಸಿ. ಸೆಮಿಕೋಲನ್ ಮರೆತ ಮಾತ್ರಕ್ಕೆ ಪರದೆ ಖಾಲಿಯಾಗುವ ವ್ಯೂವರನ್ನು ಯಾರೂ ಎರಡನೇ ದಿನ ತೆರೆಯುವುದಿಲ್ಲ. ರಿಲೋಡ್ ಆದಾಗಲೆಲ್ಲ ಯೂನಿಫಾರ್ಮ್ ಲೊಕೇಶನ್‌ಗಳನ್ನು (ಬೆಲೆ ಕಳಿಸಲು ಬೇಕಾದ ಗುರುತಿನ ಸಂಖ್ಯೆಗಳು) ಮತ್ತೆ ಕೇಳಿ. ಡೆಮೊ ಬಳಸದ ಯೂನಿಫಾರ್ಮ್‌ಗೆ -1 ಬರುತ್ತದೆ; ಅದು ತಪ್ಪಲ್ಲ, ಸುಮ್ಮನೆ ಬಿಡಿ.

ಹಿಂದಿನ ಫ್ರೇಮ್‌ಗೆ ಎರಡು ಟೆಕ್ಸ್ಚರ್ ಬೇಕು: ಒಂದರಿಂದ ಓದು, ಇನ್ನೊಂದಕ್ಕೆ ಬರೆ, ಫ್ರೇಮ್ ಮುಗಿದೊಡನೆ ಅದಲುಬದಲು. ಒಂದೇ ಟೆಕ್ಸ್ಚರನ್ನು ಓದುತ್ತಲೇ ಬರೆದರೆ ಫಲಿತಾಂಶಕ್ಕೆ ಖಾತರಿಯಿಲ್ಲ, ಒಂದು ಕಾರ್ಡ್‌ನಲ್ಲಿ ಸರಿ ಕಂಡದ್ದು ಇನ್ನೊಂದರಲ್ಲಿ ಚೌಕಚೌಕವಾಗಿ ಒಡೆಯಬಹುದು. ಫಾರ್ಮ್ಯಾಟ್ ಆರ್‌ಜಿಬಿಎ 32ಎಫ್ (ಪ್ರತಿ ಬಣ್ಣಕ್ಕೂ 32 ಬಿಟ್ ಫ್ಲೋಟ್) ಇರಲಿ. 8 ಬಿಟ್ ಇಟ್ಟರೆ ಋಣ ಸಂಖ್ಯೆಗಳು, 1 ದಾಟಿದವು ಕತ್ತರಿಸಿಹೋಗುತ್ತವೆ, ದ್ರವದ ಸಿಮ್ಯುಲೇಶನ್ ಹೆಪ್ಪುಗಟ್ಟುತ್ತದೆ. ಇಲ್ಲಿ ಅನೇಕರು ಎಡವುವುದು ಐಫ್ರೇಮ್ ಬಳಿ. ಅದು ಇಂಟ್, ಫ್ಲೋಟ್ ಕಳಿಸುವ ಫಂಕ್ಷನ್‌ನಿಂದ ಕಳಿಸಿದರೆ ಓಪನ್‌ಜಿಎಲ್ ಎರರ್ ದಾಖಲಿಸಿ ಬೆಲೆಯನ್ನು 0ಯಲ್ಲೇ ಬಿಡುತ್ತದೆ. ಫ್ರೇಮ್ 0 ಆದಾಗ ಬಫರ್ ತುಂಬುವ ಡೆಮೊ ಆಗ ಪ್ರತಿ ಫ್ರೇಮ್‌ನಲ್ಲೂ ಹೊಸದಾಗಿ ಶುರುವಾಗುತ್ತದೆ. ಕಿಟಕಿಯ ಗಾತ್ರ ಬದಲಾದರೆ ಎರಡೂ ಟೆಕ್ಸ್ಚರ್ ಮರುಸೃಷ್ಟಿಸಿ, ಫ್ರೇಮ್ ಎಣಿಕೆಯನ್ನು 0 ಮಾಡಿ. ಇದನ್ನೇ ಒಂದು ಕೀಗೂ ಕೊಡಿ: ಅಕ್ಕಪಕ್ಕದ ಪಿಕ್ಸೆಲ್ ಓದುವ ಡೆಮೊದಲ್ಲಿ ಒಂದೇ ಒಂದು ಎನ್‌ಎಎನ್ (ಸಂಖ್ಯೆಯೇ ಅಲ್ಲದ ಬೆಲೆ) ಹುಟ್ಟಿದರೂ ಎಣ್ಣೆಯ ಕಲೆಯಂತೆ ಪರದೆ ತುಂಬ ಹರಡುತ್ತದೆ, ರೀಸೆಟ್ ಬಿಟ್ಟು ಬೇರೆ ಮದ್ದಿಲ್ಲ.

ಮೌಸ್ ಲೆಕ್ಕ ಒಮ್ಮೆ ಕೈಯಲ್ಲಿ ಮಾಡಿ ನೋಡಿ. ರೆಟಿನಾ (ಪಿಕ್ಸೆಲ್ ಸಾಂದ್ರತೆ ಹೆಚ್ಚಿರುವ) ಪರದೆಯಲ್ಲಿ ಕಿಟಕಿ 800×600 ಇದ್ದರೂ ಫ್ರೇಮ್‌ಬಫರ್ (ನಿಜವಾಗಿ ಬಿಡಿಸುವ ಪಿಕ್ಸೆಲ್‌ಗಳು) 1600×1200. ಕರ್ಸರ್ 100, 50ರಲ್ಲಿದ್ದರೆ ಎರಡರಿಂದ ಗುಣಿಸಿ 200, 100. ಜಿಎಲ್‌ಎಫ್‌ಡಬ್ಲ್ಯೂ ಮೇಲಿನಿಂದ, ಡೆಮೊ ಕೆಳಗಿನಿಂದ ಎಣಿಸುವುದರಿಂದ 1200ರಲ್ಲಿ 100 ಕಳೆದು ಡೆಮೊಗೆ ಕಳಿಸಬೇಕಾದ್ದು 200, 1100.

ಸ್ಲೈಡರ್‌ಗೆ ಡಿಯರ್ ಇಮ್‌ಗುಯಿ (ಬಟನ್, ಸ್ಲೈಡರ್ ಬಿಡಿಸುವ ಲೈಬ್ರರಿ) ಸಾಕು. ಲಿಂಕ್ ಆದ ಪ್ರೋಗ್ರಾಂನ ಸಕ್ರಿಯ ಯೂನಿಫಾರ್ಮ್‌ಗಳ ಪಟ್ಟಿ ಕೇಳಿ, ನಿಮ್ಮ ತಲೆಯಲ್ಲಿರುವ ಹೆಸರುಗಳನ್ನು ಕಳೆದು, ಉಳಿದ ಪ್ರತಿ ಫ್ಲೋಟ್‌ಗೂ ಒಂದು ಸ್ಲೈಡರ್ ಕೊಡಿ. ಬೆಲೆಗಳನ್ನು ಹೆಸರಿನ ಮೇಲೆ ಮ್ಯಾಪ್‌ನಲ್ಲಿಡಿ, ಲೊಕೇಶನ್ ಮೇಲಲ್ಲ. ಇಲ್ಲದಿದ್ದರೆ ರಿಲೋಡ್ ಆದಾಗ ಹೊಂದಿಸಿದ್ದೆಲ್ಲ ಅಳಿಯುತ್ತದೆ. ಇಮ್‌ಗುಯಿ ಮೌಸ್ ಕೇಳುತ್ತಿರುವಾಗ ಐಮೌಸ್ ಬದಲಿಸಬೇಡಿ, ಸ್ಲೈಡರ್ ಎಳೆದರೆ ಕ್ಯಾಮೆರಾವೂ ತಿರುಗೀತು.

ಸಮಯವನ್ನು ಸಿಪಿಯುನಲ್ಲಿ ಡಬಲ್ ಆಗಿಟ್ಟು, ಕಳಿಸುವಾಗ ಮಾತ್ರ ಫ್ಲೋಟ್ ಮಾಡಿ. ಹಾಗೆ ಮಾಡಿದರೂ 16,384 ಸೆಕೆಂಡ್, ಅಂದರೆ ಸುಮಾರು ನಾಲ್ಕೂವರೆ ಗಂಟೆ ದಾಟಿದ ಮೇಲೆ ಫ್ಲೋಟ್‌ನ ಹೆಜ್ಜೆ ಸುಮಾರು 2 ಮಿಲಿಸೆಕೆಂಡ್ ಆಗುತ್ತದೆ, ಚಲನೆ ಕುಂಟತೊಡಗುತ್ತದೆ. ಪ್ರದರ್ಶನಕ್ಕೆ ದಿನವಿಡೀ ಓಡಿಸುವುದಿದ್ದರೆ ಗಂಟೆಗೊಮ್ಮೆ ಸೊನ್ನೆಗೆ ತನ್ನಿ. ವಿಡಿಯೊ ರೆಕಾರ್ಡ್ ಮಾಡುವಾಗ ಗಡಿಯಾರ ಬಿಟ್ಟು ಫ್ರೇಮ್ ಸಂಖ್ಯೆಯನ್ನು 60ರಿಂದ ಭಾಗಿಸಿ ಕಳಿಸಿ. ಒಂದು ಫ್ರೇಮ್‌ಗೆ ಅರ್ಧ ಸೆಕೆಂಡ್ ಹಿಡಿದರೂ ವಿಡಿಯೊ ನಯವಾಗಿಯೇ ಬರುತ್ತದೆ. ಆದರೆ ವಿಂಡೋಸ್‌ನಲ್ಲಿ ಜಿಪಿಯು 2 ಸೆಕೆಂಡ್ ಉತ್ತರಿಸದಿದ್ದರೆ ಡೀಫಾಲ್ಟ್ ಆಗಿ ಡ್ರೈವರ್ ರೀಸೆಟ್ ಆಗುತ್ತದೆ. ಭಾರವಾದ ರೇಮಾರ್ಚಿಂಗ್ (ಕಿರಣವನ್ನು ಹೆಜ್ಜೆಹೆಜ್ಜೆಯಾಗಿ ಸಾಗಿಸಿ ಚಿತ್ರ ಕಟ್ಟುವ) ಡೆಮೊವನ್ನು 4ಕೆಯಲ್ಲಿ ಉಳಿಸುವಾಗ ಸಿಸರ್ (ಬಿಡಿಸುವ ಜಾಗವನ್ನು ಒಂದು ಆಯತಕ್ಕೆ ಸೀಮಿತಗೊಳಿಸುವುದು) ಹಾಕಿ ತುಂಡು ತುಂಡಾಗಿ ಬಿಡಿಸಿ, ಪ್ರತಿ ತುಂಡಿನ ನಂತರ, ಜಿಪಿಯು ಕೆಲಸ ಮುಗಿಯುವವರೆಗೆ ಕಾಯುವ ಜಿಎಲ್‌ಫಿನಿಶ್ ಕರೆಯಿರಿ.