ತೆಗೆದ ಎಲೆಯನ್ನು ಯಾರಿಗೂ ಗೊತ್ತಾಗದ ಹಾಗೆ ಕಟ್ಟಿನ ಮೇಲಕ್ಕೆ ತರುವುದು ಹೇಗೆ?

ಚೌತಿಗೆ ಕುಮಟಾದ ಮನೆಯಲ್ಲಿ ನೆಂಟರೆದುರು ಇಸ್ಪೀಟಿನ ಜಾದೂ ತೋರಿಸಬೇಕು, ಡಬಲ್ ಅಂಡರ್‌ಕಟ್ (ಕಟ್ಟಿನ ಕೆಳಭಾಗವನ್ನು ಎರಡು ಸಲಕ್ಕೆ ತೆಗೆದು ಮೇಲಿಟ್ಟು, ಬೇಕಾದ ಎಲೆಯನ್ನು ಮೇಲಕ್ಕೆ ತರುವ ಕೈಚಳಕ) ಕೈಗೆ ಕೂತಿದೆ, ಆದರೂ ಪ್ರತಿ ಸಲ "ಈಗೇನೋ ಮಾಡಿದೆ" ಅಂತ ಹಿಡಿದುಬಿಡುತ್ತಾರೆ, ಯಾಕೆ ಅಂತ ಕೇಳಿದ್ದೀರಿ.

ನಿಮ್ಮ ಕೈಯಲ್ಲಿ ದೋಷ ಇರಲಿಕ್ಕಿಲ್ಲ. ಜಗಲಿಯ ಮೇಲೆ ರಮ್ಮಿ ಆಡುವವರು ಯಾರೂ ಎಲೆಯನ್ನು ಹಾಗೆ ಎರಡೆರಡು ಸಲ ಕೆಳಗಿನಿಂದ ತೆಗೆದು ಮೇಲೆ ಇಡುವುದಿಲ್ಲ. ಕಂಡು ಗೊತ್ತಿಲ್ಲದ ಚಲನೆ ಕಂಡಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ನಮ್ಮಲ್ಲಿ ಹೆಚ್ಚಿನವರು ಕಲಸುವುದು ಮೇಲಿನ ಎಲೆಗಳನ್ನು ಗುಂಪುಗುಂಪಾಗಿ ಎಡಗೈಗೆ ಎಳೆದು ಬೀಳಿಸುತ್ತ. ಜಾದೂಗಾರರು ಇದನ್ನೇ ಹಿಂದೂ ಶಫಲ್ ಅನ್ನುತ್ತಾರೆ. ಎಲೆಯನ್ನು ಅದರೊಳಗೇ ಮೇಲಕ್ಕೆ ತನ್ನಿ.

ಬಲಗೈಯ ಹೆಬ್ಬೆರಳು ಮತ್ತು ನಡುಬೆರಳಿನಿಂದ ಕಟ್ಟಿನ ಉದ್ದದ ಅಂಚುಗಳನ್ನು, ನಿಮ್ಮ ಕಡೆಯ ತುದಿಗೆ ಹತ್ತಿರ ಹಿಡಿಯಿರಿ. ಎಡಗೈ ಬೆರಳುಗಳು ಮೇಲಿನ ನಾಲ್ಕೈದು ಎಲೆಗಳನ್ನು ಹಿಡಿಯುತ್ತವೆ, ಬಲಗೈ ಉಳಿದ ಕಟ್ಟನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹಿಡಿದವು ಎಡ ಅಂಗೈಗೆ ಬೀಳುತ್ತವೆ. ಅರ್ಧ ಕಟ್ಟು ಆದಾಗ ನಿಲ್ಲಿಸಿ, ಎಲೆ ತೆಗೆದವರಿಂದ ಅದನ್ನು ಎಡಗೈಯ ಗುಂಪಿನ ಮೇಲೆ ಇಡಿಸಿ. ಕಲಸುವುದನ್ನು ಮುಂದುವರಿಸಲು ಬಲಗೈ ಮೇಲೆ ಬಂದಾಗಲೇ ಅದರ ಹೆಬ್ಬೆರಳು, ನಡುಬೆರಳ ತುದಿ ಎಡಗೈಯ ಗುಂಪಿನ ಮೇಲಿನ ನಾಲ್ಕೈದು ಎಲೆಗಳನ್ನೂ ಚಿವುಟಿ ಎತ್ತಿಕೊಳ್ಳಬೇಕು. ಅವರ ಎಲೆ ಅದರಲ್ಲೇ ಇದೆ. ಬಲಗೈಯ ಮೂಲ ಕಟ್ಟಿಗೂ ಈ ಚಿಕ್ಕ ಗುಂಪಿಗೂ ನಡುವೆ ನಿಮ್ಮ ಕಡೆಯ ತುದಿಯಲ್ಲಿ ಕೂದಲೆಳೆಯಷ್ಟು ಸಂದಿ ಸಾಕು. ಅದೇ ಕ್ಷಣಕ್ಕೆ ಎಡಗೈ ಮೇಲಿನಿಂದ ಎಲೆ ಎಳೆಯುತ್ತಿರಬೇಕು, ಎರಡೂ ಒಂದೇ ಚಲನೆ. ಸಂದಿಯವರೆಗೆ ಕಲಸಿ, ಉಳಿದ ಚಿಕ್ಕ ಗುಂಪನ್ನು ಕೊನೆಯದಾಗಿ ಬೀಳಿಸಿ. ಅವರ ಎಲೆ ಎಲ್ಲಕ್ಕಿಂತ ಮೇಲೆ ಬಂತು.

ಕೆಡುವುದು ಮೂರು ಕಡೆ. ಆಸೆಗೆ ಹದಿನೈದು ಎಲೆ ಚಿವುಟಿದರೆ ಎಡಗೈಯ ಗುಂಪು ದಿಢೀರನೆ ತೆಳುವಾಗುತ್ತದೆ, ಕೊನೆಯ ಗುಂಪು ದಪ್ಪಗೆ ಧೊಪ್ಪೆಂದು ಬೀಳುತ್ತದೆ. ಸಂದಿ ಎದುರಿನ ತುದಿಗೂ ಹರಡಿದರೆ ಕಟ್ಟು ಬಾಯಿ ಬಿಟ್ಟಂತೆ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಜನರು ಸಿಕ್ಕಿಬೀಳುವುದು ಲಯದಲ್ಲಿ: ಚಿವುಟುವಾಗ ನಿಧಾನ, ಚಿವುಟಿದ ಮೇಲೆ ಅವಸರ. ಹಾಗಾಗಿ ಮೊದಲು ಏನನ್ನೂ ಚಿವುಟದೆ ಸುಮ್ಮನೆ ಕಲಸುವ ಸದ್ದನ್ನು ಕಿವಿಗೊಟ್ಟು ಕೇಳಿ. ಕೈಚಳಕ ಸೇರಿಸಿದ ಮೇಲೂ ಅದೇ ಸದ್ದು ಬರಬೇಕು.

ಇನ್ನು ಕಣ್ಣು. ನೀವು ಕೈ ನೋಡಿದರೆ ಅವರೂ ಕೈಯನ್ನೇ ನೋಡುತ್ತಾರೆ. ಎಲೆ ವಾಪಸ್ ಇಟ್ಟ ತಕ್ಷಣ ಮುಖ ನೋಡಿ, ಉತ್ತರ ಕೊಡಲೇಬೇಕಾದ ಪ್ರಶ್ನೆ ಕೇಳಿ: "ಮಾವ, ಪಕ್ಕದವರಿಗೂ ತೋರಿಸಿದ್ರಾ?" ಅವರು ತಲೆ ಎತ್ತಿದ ಕ್ಷಣ ನಿಮ್ಮದು. "ನೋಡಿ, ಚೆನ್ನಾಗಿ ಕಲಸ್ತಿದ್ದೇನೆ" ಅಂತ ಮಾತ್ರ ಹೇಳಬೇಡಿ, ಇಲ್ಲದ ಅನುಮಾನವನ್ನು ನೀವೇ ಹುಟ್ಟಿಸಿದಂತಾಗುತ್ತದೆ.

ಡಬಲ್ ಅಂಡರ್‌ಕಟ್ ಬಿಡಲು ಮನಸ್ಸಿಲ್ಲದಿದ್ದರೆ ಅವರ ಎಲೆಯ ಮೇಲೆ ಕಿರುಬೆರಳಿನ ತುದಿಯ ಮಾಂಸ ಮಾತ್ರ ಸಿಕ್ಕಿಸಿ, ಇಡೀ ಬೆರಳು ತೂರಿಸಬೇಡಿ, ಹೆಬ್ಬೆರಳಿನಿಂದ ಮೇಲೆ ಮೆಲ್ಲಗೆ ಒತ್ತಿರಿ. ಆ ಸಂದಿ ನಿಮ್ಮ ಬಲಕ್ಕೆ ಮತ್ತು ಹಿಂದೆ ಕೂತವರಿಗೆ ಕಾಣುತ್ತದೆ. ಜಗಲಿಯಲ್ಲಿ ಜನ ಸುತ್ತ ಕೂರುವುದರಿಂದ ಗೋಡೆಗೆ ಬೆನ್ನು ಕೊಟ್ಟು, ಸ್ವಲ್ಪ ಬಲಕ್ಕೆ ತಿರುಗಿ ಕೂರಿ. ಕಟ್ಟಿನ ಮೇಲಿನ, ಕೆಳಗಿನ ಭಾಗಗಳನ್ನು ಕಾಣದ ಹಾಗೆ ಅದಲುಬದಲು ಮಾಡುವ ಕ್ಲಾಸಿಕ್ ಪಾಸ್ ಈ ಚೌತಿಗೆ ಬೇಡವೇ ಬೇಡ, ತಿಂಗಳೊಪ್ಪತ್ತಿನಲ್ಲಿ ಕೂರುವ ಕೆಲಸವಲ್ಲ ಅದು.

ಕರಾವಳಿಯ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಗದದ ಎಲೆ ತೇವ ಹೀರಿ ಉಬ್ಬುತ್ತದೆ, ಎರಡು ಮೂರು ಅಂಟಿಕೊಂಡು ಬರುತ್ತವೆ, ಆಗ ನಾಲ್ಕು ಚಿವುಟಿದರೆ ಎಂಟು ಸಿಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ತೋರಿಸುವ ಹೊತ್ತಿಗೆ ಮಾತ್ರ ಹೊರಗೆ ತೆಗೆಯಿರಿ. ಪೂರ್ತಿ ಪ್ಲಾಸ್ಟಿಕ್ಕಿನವು ಉಬ್ಬುವುದಿಲ್ಲ, ಆದರೆ ಜಾರುತ್ತವೆ, ಸಂದಿ ನಿಲ್ಲುವುದಿಲ್ಲ. ಪೌಡರ್ ಹಾಕಿದರೆ ಇನ್ನಷ್ಟು ಜಾರುತ್ತದೆ. ಚಕ್ಕುಲಿ ತಿಂದ ಕೈಯನ್ನು ಸೋಪು ಹಾಕಿ ತೊಳೆದು, ಒಣ ಟವೆಲಿನಲ್ಲಿ ಒರೆಸಿ. ಎಲೆ ಹರಡಲು ಚಾಪೆಗಿಂತ ಎರಡು ಮಡಿಕೆ ಹಾಕಿದ ಜಮಖಾನ ಒಳ್ಳೆಯದು, ಎಲೆ ಎತ್ತಲು ಬೆರಳಿಗೆ ಸಿಗುತ್ತದೆ.

ಅಭ್ಯಾಸಕ್ಕೆ ಕನ್ನಡಿ ಸಾಲದು, ಅದನ್ನು ನೋಡಬೇಕಾದರೆ ನೀವು ತಲೆ ಎತ್ತಿಯೇ ಇರಬೇಕಾಗುತ್ತದೆ, ಕಣ್ಣು ಯಾವಾಗ ಕೈಗೆ ಇಳಿಯುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಮೊಬೈಲನ್ನು ನಿಮ್ಮ ಬಲಕ್ಕೆ, ಕೂತವರ ಕಣ್ಣಿನ ಎತ್ತರಕ್ಕೆ ಇಟ್ಟು ಇಪ್ಪತ್ತು ಸಲ ಸತತ ವಿಡಿಯೊ ಮಾಡಿ. ಸದ್ದು ಬಂದ್ ಮಾಡಿ ಒಮ್ಮೆ, ಪರದೆ ಮುಚ್ಚಿ ಬರೀ ಸದ್ದು ಕೇಳುತ್ತ ಇನ್ನೊಮ್ಮೆ ಪರೀಕ್ಷಿಸಿ. ಎಲ್ಲಿ ಚಿವುಟಿದಿರಿ ಅನ್ನುವುದು ನಿಮಗೇ ಎರಡರಲ್ಲೂ ಸಿಗದಿದ್ದರೆ ಮಾವನ ಎದುರು ಕೂರಬಹುದು.